ಮನೆಗೆ ಗೆದ್ದಲು ಹತ್ತದಂತೆ ನೋಡಿಕೊಳ್ಳಿ



ಗೆದ್ದಲು ಸದ್ದಿಲ್ಲದೆ ಬರುವ ಕಳ್ಳ. ತೊಲೆಯ ಹೊರಮೈಯನ್ನು ಹಾಗೆಯೇ ಬಿಟ್ಟು ಒಳಗಿನ ಮರವನ್ನು ತಿನ್ನುವುದರಿಂದ, ಮನೆಯವರಿಗೆ ತಿಳಿಯುವ ಹೊತ್ತಿಗೆ ತೊಲೆ ಟೊಳ್ಳಾಗಿರುತ್ತದೆ. ಬಾಗಿಲ ಚೌಕಟ್ಟು, ಅಟ್ಟದ ಹಲಗೆ, ಪೆಟ್ಟಿಗೆಯ ಬಟ್ಟೆ, ಜಮೀನಿನ ಕಾಗದಪತ್ರ ಯಾವುದನ್ನೂ ಅದು ಬಿಡುವುದಿಲ್ಲ.

ಮನೆಗೆ ಬೀಳುವ ಗೆದ್ದಲಿನ ಗೂಡು ಸಾಮಾನ್ಯವಾಗಿ ನೆಲದೊಳಗಿರುತ್ತದೆ. ಬಿಸಿಲು, ಗಾಳಿ ತಗುಲಿದರೆ ಅದರ ಮೆತ್ತನೆಯ ಮೈ ಒಣಗಿಹೋಗುತ್ತದೆ. ಆದುದರಿಂದಲೇ ಗೋಡೆಯ ಮೇಲೆ ಪೆನ್ಸಿಲಿನಷ್ಟು ದಪ್ಪದ ಮಣ್ಣಿನ ಸಾಲು ಕಟ್ಟಿ, ಅದರೊಳಗೆ ಓಡಾಡುತ್ತದೆ. ಆ ಸಾಲನ್ನು ಕೆರೆದು ಸೀಮೆಎಣ್ಣೆ ಸುರಿದರೆ ಕಂಡ ಹುಳುಗಳು ಮಾತ್ರ ಸಾಯುತ್ತವೆ. ನೆಲದೊಳಗೆ ರಾಣಿ ಮೊಟ್ಟೆಯಿಡುತ್ತಲೇ ಇರುವುದರಿಂದ ಕೆಲವೇ ದಿನಗಳಲ್ಲಿ ಸಾಲು ಮತ್ತೆ ಏಳುತ್ತದೆ.

ಬಾರದಂತೆ ತಡೆಯಲು ಹೀಗೆ ಮಾಡಿ:

1. ಗೆದ್ದಲಿಗೆ ತೇವ ಬೇಕು. ಬಚ್ಚಲ ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಹಿತ್ತಿಲ ಗಿಡಗಳಿಗೆ ಹರಿಸಿ. ಸೋರುವ ಸೂರನ್ನು ಮಳೆಗಾಲಕ್ಕೆ ಮುಂಚೆ ಸರಿಮಾಡಿ.

2. ಸೌದೆ, ಹುಲ್ಲು, ಹತ್ತಿಕಡ್ಡಿಗಳನ್ನು ಗೋಡೆಗೆ ಒರಗಿಸದೆ, ದೂರದಲ್ಲಿ ಕಲ್ಲುಗಳ ಮೇಲೆ ಒಟ್ಟಿ.

3. ಮರದ ಕಂಬವನ್ನು ಮಣ್ಣಿನಲ್ಲಿ ಹೂಳದೆ ಕಲ್ಲಿನ ಮೇಲೆ ನಿಲ್ಲಿಸಿ. ತೇಗದ ಚೇಗು ಗೆದ್ದಲನ್ನು ಬಹುಕಾಲ ತಡೆಯುತ್ತದೆ. ಮಾವಿನ ಹಲಗೆ ಬೇಗ ತುತ್ತಾಗುತ್ತದೆ.

4. ಪೆಟ್ಟಿಗೆ, ಕಾಳಿನ ಚೀಲಗಳು ಗೋಡೆಗೆ ತಾಗದಿರಲಿ. ತಿಂಗಳಿಗೊಮ್ಮೆ ಅವುಗಳ ಹಿಂಬದಿಯನ್ನು ನೋಡಿ. ತೊಲೆ, ಚೌಕಟ್ಟುಗಳನ್ನು ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ತಡಮಾಡಬೇಡಿ.

ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಹುಳುಗಳೂ ಗೆದ್ದಲೇ. ಅವು ನಿಮ್ಮ ಗೋಡೆಯ ಬಿರುಕಿನಿಂದಲೇ ಹೊರಟರೆ ಗೆದ್ದಲು ಮನೆ ಸೇರಿದೆಯೆಂದು ತಿಳಿಯಿರಿ.

ಹತ್ತಿದ ಮೇಲೆ ಮಾಡಬೇಕಾದುದು:

ಮನೆಯ ಪಕ್ಕದ ಹುತ್ತವನ್ನು ಮೇಲೆ ಮೇಲೆ ಒಡೆದರೆ ಫಲವಿಲ್ಲ. ರಾಣಿ ಸಿಗುವವರೆಗೆ ಅಗೆಯಬೇಕು. ಒಳಗೆ ಹಾವಿರಬಹುದು, ಕೈ ಹಾಕಬೇಡಿ. ಪೂಜೆಯ ಹುತ್ತವಾದರೆ ಅದನ್ನು ಬಿಟ್ಟು ಮನೆಯ ಸುತ್ತ ಮಾತ್ರ ಔಷಧಿ ಹಾಕಿ.

ಇಮಿಡಾಕ್ಲೋಪ್ರಿಡ್ 30.5 ಎಸ್.ಸಿ. ಔಷಧಿಯನ್ನು ಲೀಟರ್ ನೀರಿಗೆ 2.1 ಮಿ.ಲೀ.ನಂತೆ ಬೆರೆಸಿ. ಗೋಡೆಯ ಬುಡದುದ್ದಕ್ಕೂ ಅಡಿಗೊಂದರಂತೆ, ಒಂದಡಿ ಆಳದ ತೂತುಗಳನ್ನು ಕಂಬಿಯಿಂದ ಮಾಡಿ, ಔಷಧಿ ತುಂಬಿ ಮಣ್ಣು ಮುಚ್ಚಿ. ನಡುವೆ ಎಲ್ಲಿಯೂ ಜಾಗ ಬಿಡಬೇಡಿ. ಗೆದ್ದಲಿಗೆ ಈ ಔಷಧಿ ಇರುವುದು ತಿಳಿಯುವುದಿಲ್ಲ. ಮೈಗೆ ಅಂಟಿಸಿಕೊಂಡು ಗೂಡಿನವರೆಗೂ ಒಯ್ಯುತ್ತದೆ.

ಎಚ್ಚರಿಕೆ: ಇದು ವಿಷ. ಕೈಚೀಲ ಧರಿಸಿ, ಮಕ್ಕಳನ್ನೂ ದನಕರುಗಳನ್ನೂ ದೂರವಿಡಿ. ಬಾವಿಯ ಹತ್ತಿರ ಹಾಕಬೇಡಿ, ಕಾಳಿನ ಚೀಲಗಳಿಗೆ ಸೋಕಿಸಬೇಡಿ. ಉಳಿದ ಔಷಧಿಯನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎಂದೂ ಇಡಬೇಡಿ. ಹಿಂದೆ ಬಳಸುತ್ತಿದ್ದ ಬಿ.ಎಚ್.ಸಿ. ಪುಡಿ 1997ರಲ್ಲಿ ನಿಷೇಧವಾಗಿದೆ. ಯಾರು ಕೊಟ್ಟರೂ ಕೊಳ್ಳಬೇಡಿ. ಸಂದೇಹವಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಿರಿ.

ಇಂದೇ ಒಮ್ಮೆ ಮನೆಯ ಸುತ್ತ ನಡೆದು ಗೋಡೆಯ ಬುಡವನ್ನು ನೋಡಿ ಬನ್ನಿ.