ಬಟ್ಟೆ ಕೊಳ್ಳುವಾಗ, ಬಟ್ಟೆ ಕೊಡುವಾಗ: ತಪ್ಪು ಕಲ್ಪನೆ ಮತ್ತು ವಾಸ್ತವ

ಗೌರಿ ಹಬ್ಬ, ದೀಪಾವಳಿ, ಮನೆಯಲ್ಲೊಂದು ಮದುವೆ ಎಂದರೆ ಹೊಸ ಬಟ್ಟೆ ಬರುತ್ತದೆ, ಹಳೆಯದು ಬೀರುವಿನಿಂದ ಹೊರಬೀಳುತ್ತದೆ. ಎಲ್ಲಾದರೂ ನೆರೆ ಬಂತೆಂದರೆ ಆ ಹಳೆಯದನ್ನೇ ಮೂಟೆ ಕಟ್ಟಿ ಕಳಿಸುತ್ತೇವೆ. ಕೊಳ್ಳುವಾಗಲೂ ಕೊಡುವಾಗಲೂ ನಮ್ಮ ಮನಸ್ಸು ಒಳ್ಳೆಯದೇ. ಆದರೂ ಕೇಳಬೇಕಾದ ಒಂದೆರಡು ಮಾತು ಕೇಳದೆ ಬಿಡುವುದರಿಂದ ನಮ್ಮ ಹಣ ನೇಕಾರರ ಮನೆ ಮುಟ್ಟುವುದಿಲ್ಲ, ನಮ್ಮ ಮೂಟೆ ಸಂತ್ರಸ್ತರ ಕೈಗೆ ಹೋದರೂ ಉಪಯೋಗಕ್ಕೆ ಬರುವುದಿಲ್ಲ.

ತಪ್ಪು ಕಲ್ಪನೆ: ಸಿಲ್ಕ್ ಮಾರ್ಕ್ ಇದೆ ಎಂದರೆ ಕೈಮಗ್ಗದ ಸೀರೆ.

ವಾಸ್ತವ: ಸಿಲ್ಕ್ ಮಾರ್ಕ್ ಹೇಳುವುದು ನೂಲಿನ ವಿಷಯ ಮಾತ್ರ. ಬೆಂಗಳೂರಿನಲ್ಲಿ ಕಚೇರಿ ಇರುವ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ ಗುರುತು ಅದು. ರೇಷ್ಮೆ ಅಪ್ಪಟವೋ ಅಲ್ಲವೋ ಎಂಬುದನ್ನು ತಿಳಿಸುತ್ತದೆ. ಜರಿಯ ಬಗ್ಗೆಯಾಗಲಿ, ನೇಯ್ದ ಮಗ್ಗದ ಬಗ್ಗೆಯಾಗಲಿ ಏನನ್ನೂ ಹೇಳುವುದಿಲ್ಲ. ನಾವೆಲ್ಲ ಹೆಮ್ಮೆಪಡುವ ಮೈಸೂರು ರೇಷ್ಮೆ ಸೀರೆಯನ್ನೇ ನೋಡಿ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಕಾರ್ಖಾನೆಯಲ್ಲಿ ಅದು ತಯಾರಾಗುವುದು ವಿದ್ಯುತ್ ಮಗ್ಗದ ಮೇಲೆ. ಅದರಿಂದ ಆ ಸೀರೆಯ ಬೆಲೆ ಎಳ್ಳಷ್ಟೂ ಕಡಿಮೆಯಾಗದು. ಆದರೆ ಕೈಮಗ್ಗದವರಿಗೆ ನೆರವಾಗಬೇಕೆಂದು ಹೊರಟವರು ಹುಡುಕಬೇಕಾದದ್ದು 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್.

ತಪ್ಪು ಕಲ್ಪನೆ: ಇಳಕಲ್ ಸೀರೆ ಎಂದು ಮಾರಿದರೆ ಇಳಕಲ್ಲಿನ ಮಗ್ಗದ್ದೇ.

ವಾಸ್ತವ: ಮೂರು-ನಾಲ್ಕು ನೂರು ರೂಪಾಯಿಗೆ ‘ಇಳಕಲ್’ ಎಂದು ಸಿಗುವುದು ಸಾಮಾನ್ಯವಾಗಿ ವಿದ್ಯುತ್ ಮಗ್ಗದಲ್ಲಿ ನೇಯ್ದ ಪಾಲಿಯೆಸ್ಟರ್. ಕೊಳ್ಳುವ ಮೊದಲು ಸೆರಗನ್ನು ತಿರುಗಿಸಿ ನೋಡಿ. ಅಸಲಿ ಇಳಕಲ್ಲಿನಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಯುವ ಮೊದಲೇ ಎರಡರ ಎಳೆಗಳನ್ನೂ ಒಂದರೊಳಗೊಂದು ಕುಣಿಕೆ ಹಾಕಿ ಸಿಕ್ಕಿಸುತ್ತಾರೆ; ಇದನ್ನೇ ಕೊಂಡಿ ಎನ್ನುವುದು. ಹಾಗಾಗಿ ಒಡಲಿನ ಬಣ್ಣದ ಎಳೆ ಕೊಂಡಿಯ ಸಾಲಿನಲ್ಲೇ ನಿಲ್ಲುತ್ತದೆ, ಅಲ್ಲಿಂದಾಚೆ ಕೆಂಪು ಸೆರಗು, ಅದರ ಮೇಲೆ ತೆನಿ ಎಂಬ ಬಿಳಿಯ ವಿನ್ಯಾಸ. ಹೀಗೆ ಒಂದೊಂದು ಸೀರೆಗೂ ಹಾಸನ್ನು ಬೇರೆಬೇರೆಯಾಗಿ ಹೂಡಬೇಕು. ಈ ಕೆಲಸದಲ್ಲಿ ಮನೆಮಂದಿಯ ಬೆರಳೆಲ್ಲ ಸೇರಿರುತ್ತದೆ.

ನೂಲಿನ ಮೇಲೆ ಸಂಶಯವಿದ್ದರೆ ಸೆರಗಿನ ತುದಿಯಿಂದ ಎರಡೆಳೆ ಬಿಡಿಸಿ ಸುಟ್ಟು ನೋಡುವ ಹಳೆಯ ಪರೀಕ್ಷೆ ಇದ್ದೇ ಇದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಪುಡಿಪುಡಿ ಬೂದಿಯಾಗುತ್ತದೆ. ಹತ್ತಿಗೆ ಕಾಗದ ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಳಿಗೆಯಾಗುತ್ತದೆ.

ತಪ್ಪು ಕಲ್ಪನೆ: ಕೈಮಗ್ಗವೆಂದರೆ ದುಬಾರಿ, ಚೌಕಾಸಿ ಮಾಡದಿದ್ದರೆ ಟೋಪಿ ಬೀಳುತ್ತದೆ.

ವಾಸ್ತವ: 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಈ ಕೆಲಸ ನಂಬಿದವರು 35 ಲಕ್ಷಕ್ಕೂ ಹೆಚ್ಚು, ಅವರಲ್ಲಿ ಹೆಂಗಸರೇ ಬಹುಪಾಲು. ಸುಮಾರು ಮೂರರಲ್ಲಿ ಎರಡು ಪಾಲು ಕುಟುಂಬಗಳ ತಿಂಗಳ ವರಮಾನ ಆಗ 5,000 ರೂಪಾಯಿ ದಾಟುತ್ತಿರಲಿಲ್ಲ. ಬಹಳ ಕಡೆ ನೂಲು ಕೊಡುವವನು ಮಾಲೀಕ, ನೇಯುವವರಿಗೆ ಸೀರೆಗಿಷ್ಟು ಎಂದು ಕೂಲಿ. ಕಂಡಿಕೆ ಸುತ್ತುವ ಹೆಂಡತಿ, ಮಕ್ಕಳು, ಅಜ್ಜಿಯ ಕೆಲಸ ಆ ಕೂಲಿಯ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ದೊಡ್ಡ ಅಂಗಡಿಯಲ್ಲಿ ಕೇಳಿದಷ್ಟು ಕೊಟ್ಟ ಮಾತ್ರಕ್ಕೆ ನೇಕಾರನಿಗೆ ಹೆಚ್ಚು ಸಿಕ್ಕಿತೆಂದು ತಿಳಿಯಬೇಡಿ. ನೇಕಾರರ ಸಹಕಾರ ಸಂಘದಲ್ಲಿ, ಸರ್ಕಾರಿ ನಿಗಮದ ಪ್ರಿಯದರ್ಶಿನಿ ಮಳಿಗೆಯಲ್ಲಿ, ಮೇಳಕ್ಕೆ ಗಂಟು ಹೊತ್ತು ತಂದ ನೇಕಾರರ ಬಳಿ ಕೊಂಡರೆ ನಡುವಿನ ಕೈಗಳು ಕಡಿಮೆ. ಚೌಕಾಸಿ ಮಾಡಲೇಬೇಕೆಂದಿದ್ದರೆ ಕೊನೆಪಕ್ಷ ಮಗ್ಗದಿಂದ ಎದ್ದು ಬಂದವರ ಮುಂದೆ ಬೇಡ. ಸೀರೆ ದುಬಾರಿಯಾದರೆ ಮೈ ಒರೆಸುವ ಟವೆಲ್, ಪಂಚೆ, ಹೊದಿಕೆಗಳಿಂದ ಶುರುಮಾಡಿ. ದಿನವೂ ಬೇಕಾಗುವ ವಸ್ತು ಅವು, ಬೆಲೆಯೂ ಕೈಗೆಟುಕುವಂಥದು.

ತಪ್ಪು ಕಲ್ಪನೆ: ರಾಷ್ಟ್ರಧ್ವಜ ಎಂದರೆ ಖಾದಿಯದ್ದೇ.

ವಾಸ್ತವ: ಮೊದಲು ಹಾಗಿತ್ತು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದಿ, ಯಂತ್ರದಲ್ಲಿ ತಯಾರಿಸಿದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಕೊಡಲಾಯಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕೈಯಿಂದ ನೂತು ನೇಯ್ದ ಬಟ್ಟೆಯಲ್ಲಿ ಧ್ವಜ ಹೊಲಿಯುವ ಹೆಂಗಸರಿಗೆ ಬಿದ್ದ ಪೆಟ್ಟು ಸಣ್ಣದಲ್ಲ. ನಿಮ್ಮ ಶಾಲೆಗೆ, ಸಂಘಕ್ಕೆ, ಬಡಾವಣೆಗೆ ಒಂದು ಧ್ವಜ ಬೇಕಾದರೆ ಅಲ್ಲಿಂದಲೇ ತರಿಸಿ. ಜೋಪಾನ ಮಾಡಿದರೆ ಬಹುಕಾಲ ಬಾಳುತ್ತದೆ.

ತಪ್ಪು ಕಲ್ಪನೆ: ಅಂಗಡಿಯವರು ಕೊಡುವ ಬಣ್ಣಬಣ್ಣದ ಚೀಲ ಬಟ್ಟೆಯದು.

ವಾಸ್ತವ: ಬಟ್ಟೆಯಂತೆ ಕಾಣುವ ಆ ತೆಳು ‘ನಾನ್ ವೋವನ್’ ಚೀಲ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್. ಹಾಗೆಂದು ಅಂಗಡಿಗೊಂದರಂತೆ ಹೊಸ ಹತ್ತಿ ಚೀಲ ಕೊಳ್ಳುವುದೂ ಸರಿಯಲ್ಲ. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಮಾಡಿದ ಲೆಕ್ಕದಂತೆ, ಹವಾಮಾನದ ಮೇಲಿನ ಪರಿಣಾಮದಲ್ಲಿ ಒಮ್ಮೆ ಬಳಸುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಹತ್ತಿ ಚೀಲ ಮೇಲೆನಿಸಬೇಕಾದರೆ ಅದನ್ನು 131 ಸಲ ಬಳಸಬೇಕು. ಹಳೆಯ ಪ್ಯಾಂಟಿನಿಂದ ಹೊಲಿಸಿದ ಚೀಲವೇ ಎಲ್ಲಕ್ಕಿಂತ ಒಳ್ಳೆಯದು.

ತಪ್ಪು ಕಲ್ಪನೆ: ಏನೂ ಇಲ್ಲದವರಿಗೆ ಹಳೇ ಬಟ್ಟೆ ಕೊಟ್ಟರೂ ನಡೆಯುತ್ತದೆ.

ವಾಸ್ತವ: 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ದಾನದ ಬಟ್ಟೆಗಳು ರಸ್ತೆ ಬದಿಯಲ್ಲಿ ರಾಶಿ ಬಿದ್ದಿದ್ದವು. ಹರಿದದ್ದು, ಒಗೆಯದ್ದು, ಆ ಊರಿನವರು ತೊಡದಂಥದ್ದು. ಮನೆ ಕಳೆದುಕೊಂಡವರೂ ಅವನ್ನು ಮುಟ್ಟಲಿಲ್ಲ. ಕೊಡಗಿನ 2018ರ ಮಳೆ, ಉತ್ತರ ಕರ್ನಾಟಕದ 2019ರ ನೆರೆ, ಯಾವುದೇ ಆಗಲಿ, ಪರಿಹಾರ ಕೇಂದ್ರಕ್ಕೆ ಬೇಡದ ಮೂಟೆ ಬಂದರೆ ಅದನ್ನು ಬಿಚ್ಚಿ ಆರಿಸುವುದೇ ಸ್ವಯಂಸೇವಕರಿಗೆ ಇನ್ನೊಂದು ಕೆಲಸ.

ಕಟ್ಟುವ ಮೊದಲು ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ. ಲಂಗಕ್ಕೆ ಲಾಡಿ ಇದೆಯೇ? ಲಾಡಿ ಇಲ್ಲದ ಲಂಗವನ್ನು ಶಿಬಿರದಲ್ಲಿರುವ ಹೆಣ್ಣುಮಗಳು ಹೇಗೆ ಉಡಬೇಕು? ಅಂಗಿಗೆ ಗುಂಡಿ ಇದೆಯೇ, ಚಪ್ಪಲಿಯ ಜೋಡಿ ಒಟ್ಟಿಗೆ ಕಟ್ಟಿದೆಯೇ? ಒಳಉಡುಪು, ಸ್ಯಾನಿಟರಿ ಪ್ಯಾಡ್ ಹೊಸದೇ ಕೊಡಬೇಕು. ಗಂಡಸರದ್ದು, ಹೆಂಗಸರದ್ದು, ಮಕ್ಕಳದ್ದು ಬೇರೆ ಬೇರೆ ಗಂಟು ಮಾಡಿ ಮೇಲೆ ಬರೆಯಿರಿ. ಕಳಿಸುವ ಮುನ್ನ ಅಲ್ಲಿಗೆ ಫೋನ್ ಮಾಡಿ ಏನು ಬೇಕೆಂದು ಕೇಳಿ. ಬಹಳ ಸಲ ಬೇಕಾಗಿರುವುದು ಚಾಪೆ, ಹೊದಿಕೆ, ಬಕೆಟ್ಟು.

ಹರಿದದ್ದಕ್ಕೂ ದಾರಿಯಿದೆ. ನಮ್ಮ ಉತ್ತರ ಕರ್ನಾಟಕದ ಕೌದಿ, ಹಳಿಯಾಳ-ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಹುಟ್ಟಿದ್ದೇ ಹಳೆಯ ಸೀರೆ, ತುಂಡು ಬಟ್ಟೆಗಳಿಂದ. ನಿಮ್ಮ ಸೀರೆಗಳನ್ನೇ ಕೊಟ್ಟು, ಕೂಲಿ ಕೊಟ್ಟು ಹೊಲಿಸಿಕೊಂಡರೆ ನಿಮಗೊಂದು ಹೊದಿಕೆ, ಅವರಿಗೊಂದು ದುಡಿಮೆ.

ತಪ್ಪು ಕಲ್ಪನೆ: ಕೊಟ್ಟ ಮೇಲೆ ಕೇಳಬಾರದು. 80ಜಿ ರಸೀದಿ ಇದ್ದರೆ ಸಾಕು.

ವಾಸ್ತವ: 80ಜಿ ಎಂಬುದು ತೆರಿಗೆ ರಿಯಾಯಿತಿಯ ಅನುಮೋದನೆ, ಸಂಸ್ಥೆಯ ಕೆಲಸ ಹೇಗಿದೆ ಎಂಬುದಕ್ಕೆ ಅದು ಪ್ರಮಾಣಪತ್ರವಲ್ಲ. ರಿಯಾಯಿತಿಯೂ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. 2,000 ರೂಪಾಯಿ ಮೀರಿದ ನಗದಿಗಾಗಲಿ, ಬಟ್ಟೆ-ಅಕ್ಕಿಯ ರೂಪದಲ್ಲಿ ಕೊಟ್ಟದ್ದಕ್ಕಾಗಲಿ ಸಿಗುವುದಿಲ್ಲ. ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದೆಂಬುದು ಪಡೆಯುವವರಿಗೆ ಹೇಳಿದ ಮಾತು. ಕೊಡುವವರು ನೋಡಿಯೇ ಕೊಡಬೇಕು. ಹೋದ ವರ್ಷದ ಲೆಕ್ಕಪತ್ರ ಎಲ್ಲಿದೆ, ಹಣ ಯಾವ ಊರಿನಲ್ಲಿ ಯಾವುದಕ್ಕೆ ಖರ್ಚಾಯಿತು ಎಂದು ಕೇಳುವುದು ಅನುಮಾನವಲ್ಲ, ಕೊಡುವವರ ಜವಾಬ್ದಾರಿ. ಸರಿಯಾಗಿ ನಡೆಯುವ ಸಂಸ್ಥೆ ಸಂತೋಷದಿಂದ ಉತ್ತರ ಕೊಡುತ್ತದೆ. ಲೆಕ್ಕ ಕೇಳಿದ್ದಕ್ಕೆ ಮುಖ ಗಂಟಿಕ್ಕುವ ಸಂಸ್ಥೆಗೆ ಎರಡನೇ ಸಲ ಹಣ ಕೊಡಬೇಡಿ.