ಕೇಳುವ ಬಾಗಿಲು, ಕೊಡುವ ಬಾಗಿಲು

ಶಿವಮೊಗ್ಗೆಯಿಂದ ಸವಳಂಗದ ರಸ್ತೆ ಹಿಡಿದು ಹೊರಟವರಿಗೆ ನವುಲೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಕೃಷಿ ಕಾಲೇಜು, ಕ್ರಿಕೆಟ್ ಮೈದಾನ, ರಾಷ್ಟ್ರೀಯ ಶಿಕ್ಷಣ ಸಮಿತಿಯವರು ೧೯೮೦ರಲ್ಲಿ ಸ್ಥಾಪಿಸಿದ ಜವಾಹರಲಾಲ್ ನೆಹರೂ ಎಂಜಿನಿಯರಿಂಗ್ ಕಾಲೇಜು - ಇವುಗಳಿಂದಾಗಿ ಆ ಹೆಸರು ಜಿಲ್ಲೆಯ ಗಡಿಯನ್ನು ದಾಟಿ ಹೋಗಿದೆ. ಇಂತಹ ಕಾಲೇಜಿನಲ್ಲಿ ಓದುವ ಮಗನೋ ಮಗಳೋ ರಜೆಗೆ ಮನೆಗೆ ಬಂದು, ಊಟದ ನಡುವೆ 'ನೋಡ್', 'ಆರ್‌ಪಿಸಿ' ಎಂಬ ಮಾತುಗಳನ್ನು ಆಡಿದರೆ ಹಿರಿಯರಿಗೆ ದಿಗಿಲಾಗುವುದು ಸಹಜ. ಬಿಟ್‌ಕಾಯಿನ್ ಎಂದೊಡನೆ ಯಾರೋ ಒಬ್ಬರು ದಿಢೀರನೆ ಶ್ರೀಮಂತರಾದ ಕಥೆ, ಇನ್ನೊಬ್ಬರು ಮನೆಮಠ ಕಳೆದುಕೊಂಡ ಕಥೆ, ಇವೆರಡೇ ನಮ್ಮ ಕಿವಿಗೆ ಬಿದ್ದಿರುವುದು. ಈ ಎರಡು ಕಥೆಗಳ ನಡುವೆ ಯಂತ್ರದೊಳಗೆ ನಡೆಯುವ ಮಾತುಕತೆ ಎಂತಹುದು? ಅದನ್ನು ತಿಳಿಯುವುದು ಕಷ್ಟವಲ್ಲ. ತಿಳಿದವರು ಮೋಸಹೋಗುವ ಸಂಭವವೂ ಕಡಮೆ.

ಬ್ಯಾಂಕಿಲ್ಲದ ಖಾತೆಪುಸ್ತಕ

ನಮ್ಮ ಉಳಿತಾಯದ ಲೆಕ್ಕ ಬ್ಯಾಂಕಿನ ಪುಸ್ತಕದಲ್ಲಿರುತ್ತದೆ. ಆ ಪುಸ್ತಕ ಬ್ಯಾಂಕಿನ ಸ್ವತ್ತು. ಅದರಲ್ಲಿ ಏನಿದೆಯೆಂದು ಬ್ಯಾಂಕು ಹೇಳಿದುದನ್ನೇ ನಾವು ನಂಬುತ್ತೇವೆ. ೨೦೦೮ರ ಅಕ್ಟೋಬರ್ ೩೧ರಂದು ಸತೋಷಿ ನಕಾಮೊಟೊ ಎಂಬ ಗುಪ್ತನಾಮದಲ್ಲಿ ಪ್ರಕಟವಾದ ಒಂದು ಲೇಖನ ಈ ಏರ್ಪಾಡನ್ನೇ ತಿರುವುಮುರುವು ಮಾಡಿತು. ಖಾತೆಪುಸ್ತಕ ಒಬ್ಬರ ವಶದಲ್ಲಿರುವುದು ಬೇಡ. ಬೇಕೆಂದವರೆಲ್ಲರೂ ಅದರ ಪ್ರತಿಯೊಂದನ್ನು ಇಟ್ಟುಕೊಳ್ಳಲಿ, ಪ್ರತಿಯೊಬ್ಬರೂ ಸ್ವತಃ ತಾಳೆ ನೋಡಲಿ ಎಂಬುದೇ ಅದರ ತಿರುಳು. ೨೦೦೯ರ ಜನವರಿ ೩ ಆ ಪುಸ್ತಕದ ಮೊದಲ ಪುಟದ ದಿನಾಂಕ. ಅಂದಿನಿಂದ ಸರಾಸರಿ ಹತ್ತು ನಿಮಿಷಕ್ಕೊಂದರಂತೆ, ದಿನಕ್ಕೆ ಸುಮಾರು ೧೪೪ ಪುಟಗಳು ಸೇರುತ್ತ ಬಂದಿವೆ. ಈ ಪುಟಕ್ಕೆ 'ಬ್ಲಾಕ್' ಎಂದು ಹೆಸರು.

ಪುಸ್ತಕದ ಪ್ರತಿಯನ್ನಿಟ್ಟುಕೊಂಡು, ಹೊಸ ಪುಟ ಬಂದಾಗಲೆಲ್ಲ ಅದನ್ನು ಪರೀಕ್ಷಿಸುವ ಕಂಪ್ಯೂಟರೇ 'ನೋಡ್'. ಸಹಿ ಸರಿಯಾಗಿದೆಯೆ, ಒಂದೇ ಹಣ ಎರಡು ಬಾರಿ ಖರ್ಚಾಗಿದೆಯೆ, ನಿಯಮಕ್ಕೆ ಮೀರಿ ಹೊಸ ನಾಣ್ಯ ಹುಟ್ಟಿದೆಯೆ ಎಂದು ಅದು ನೋಡುತ್ತದೆ. ಒಟ್ಟು ನಾಣ್ಯಗಳು ೨ ಕೋಟಿ ೧೦ ಲಕ್ಷವನ್ನು ಮೀರಲಾರವು ಎಂಬ ಕಟ್ಟಳೆಯನ್ನು ಕಾಯುವ ಕಾವಲುಗಾರರೂ ಈ ನೋಡ್‌ಗಳೇ. ಇಡೀ ಪುಸ್ತಕದ ಗಾತ್ರ ಇಂದು ೬೦೦ ಗಿಗಾಬೈಟಿಗೂ ಮಿಕ್ಕಿದೆ. ಆದರೂ ಸಾಧಾರಣ ಕಂಪ್ಯೂಟರು, ಒಂದು ದೊಡ್ಡ ಡಿಸ್ಕು, ನಿಲ್ಲದ ಇಂಟರ್‌ನೆಟ್ - ಇಷ್ಟಿದ್ದರೆ ನವುಲೆಯ ಬಾಡಿಗೆ ಕೋಣೆಯಲ್ಲಿಯೂ ಒಂದು ನೋಡ್ ನಡೆಯಬಲ್ಲದು.

ದೂರದಿಂದ ಕೊಡುವ ಅಪ್ಪಣೆ

ನೋಡ್ ಮೌನವಾಗಿ ದುಡಿಯುವ ಯಂತ್ರ. ಅದರ ಪುಸ್ತಕದಲ್ಲಿರುವುದನ್ನು ತಿಳಿಯಬೇಕಾದರೆ ಇನ್ನೊಂದು ಪ್ರೋಗ್ರಾಂ ಅದನ್ನು ಕೇಳಬೇಕು. ಹಾಗೆ ಕೇಳುವ ರೀತಿಗೆ 'ರಿಮೋಟ್ ಪ್ರೊಸೀಜರ್ ಕಾಲ್' ಎಂದು ಹೆಸರು; ಆರ್‌ಪಿಸಿ ಎಂಬುದು ಅದರ ಮೊಟಕು ರೂಪ. ಮನೆಯೊಡತಿ ಅಡಿಗೆಮನೆಯಲ್ಲಿರುವ ಮಗಳಿಗೆ "ಡಬ್ಬಿಯಲ್ಲಿ ಸಕ್ಕರೆ ಎಷ್ಟಿದೆ ನೋಡಮ್ಮ" ಎಂದು ಹಜಾರದಿಂದಲೇ ಕೂಗಿ ಕೇಳಿದರೆ, ತಾನೇ ಎದ್ದು ಹೋಗದೆ ಉತ್ತರ ದೊರೆಯುತ್ತದೆ. ಹಾಗೆಯೇ ಒಂದು ಯಂತ್ರದ ಪ್ರೋಗ್ರಾಂ ಇನ್ನೊಂದು ಯಂತ್ರದ ಕೆಲಸವೊಂದನ್ನು, ಅದು ತನ್ನೊಳಗೇ ಇದೆಯೋ ಎಂಬಂತೆ, ಹೆಸರು ಹಿಡಿದು ಮಾಡಿಸುತ್ತದೆ.

ಈ ವಿದ್ಯೆ ಬಿಟ್‌ಕಾಯಿನ್ನಿಗಿಂತ ಬಹಳ ಹಳೆಯದು. ಅಮೆರಿಕದ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ದುಡಿದ ಆಂಡ್ರ್ಯೂ ಬಿರೆಲ್ ಮತ್ತು ಬ್ರೂಸ್ ನೆಲ್ಸನ್ ೧೯೮೪ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಇದು ಪ್ರಸಿದ್ಧಿಗೆ ಬಂದಿತು.

ಬಿಟ್‌ಕಾಯಿನ್ ನೋಡ್ ಬಯಸುವ ಪ್ರಶ್ನೆಪತ್ರ ಬ್ಯಾಂಕಿನ ಚಲನ್‌ಗಿಂತ ಸರಳ. ಯಾವ ಕೆಲಸ, ಅದಕ್ಕೆ ಬೇಕಾದ ವಿವರಗಳೇನು, ಪತ್ರದ ಗುರುತಿನ ಸಂಖ್ಯೆ ಎಷ್ಟು - ಇವೇ ಮುಖ್ಯ ಅಂಕಣಗಳು. 'ಗೆಟ್‌ಬ್ಲಾಕ್‌ಕೌಂಟ್' ಎಂದು ಬರೆದರೆ ಪುಸ್ತಕದಲ್ಲಿ ಈವರೆಗೆ ಎಷ್ಟನೆಯ ಪುಟ ಸೇರಿದೆ ಎಂಬ ಸಂಖ್ಯೆ ಬರುತ್ತದೆ. 'ಗೆಟ್‌ಬ್ಯಾಲೆನ್ಸ್' ಎಂದರೆ ಆ ನೋಡ್‌ನಲ್ಲಿರುವ ವ್ಯಾಲೆಟ್ಟಿನ ಶಿಲ್ಕು. ಉತ್ತರದಲ್ಲಿಯೂ ಫಲಿತಾಂಶ, ದೋಷವಿದ್ದರೆ ಅದರ ವಿವರ, ಮತ್ತು ಕೇಳಿದಾಗ ಕೊಟ್ಟ ಅದೇ ಗುರುತಿನ ಸಂಖ್ಯೆ ಇರುತ್ತವೆ. ಈ ಪ್ರಶ್ನೋತ್ತರಕ್ಕೆ ಮೀಸಲಾದ ಬಾಗಿಲಿನ ಸಂಖ್ಯೆ ೮೩೩೨. ನೋಡ್‌ಗಳು ತಮ್ಮತಮ್ಮೊಳಗೆ ಪುಟಗಳನ್ನು ಹಂಚಿಕೊಳ್ಳುವ ಬಾಗಿಲು ಬೇರೆ, ಅದು ೮೩೩೩. ಎರಡನೆಯದು ಊರಿಗೆಲ್ಲ ತೆರೆದಿರಬಹುದಾದ ಹೆಬ್ಬಾಗಿಲು. ಮೊದಲನೆಯದು ಮನೆಯವರಿಗೆ ಮಾತ್ರ ಸೇರಿದ ಹಿತ್ತಿಲ ಬಾಗಿಲು.

ಇಷ್ಟು ಶ್ರಮವೇಕೆ, ಫೋನಿನಲ್ಲಿ ಆ್ಯಪ್ ಇದೆಯಲ್ಲ ಎನ್ನಬಹುದು. ಆ್ಯಪ್ ತೋರಿಸುವ ಅಂಕಿ ಸಾಮಾನ್ಯವಾಗಿ ಬೇರೆ ಯಾರದೋ ನೋಡ್ ಹೇಳಿದ ಮಾತು. ಆ ಯಾರೋ ಪ್ರಾಮಾಣಿಕರಾದರೆ ಸರಿ. ಅಲ್ಲದಿದ್ದರೆ ಅಂಕಿಯೂ ಸುಳ್ಳು. ಸ್ವಂತ ನೋಡ್‌ಗೆ ಸ್ವತಃ ಪ್ರಶ್ನೆ ಹಾಕಿದವನು ಯಾರ ಮಾತನ್ನೂ ನಂಬಬೇಕಾಗಿಲ್ಲ. ಇಡೀ ಏರ್ಪಾಡಿನ ಜೀವಾಳವೇ ಇದು.

ಉತ್ತರ ಬಾರದಿದ್ದರೆ?

ಪಕ್ಕದ ಕೋಣೆಗೂ ದೂರದ ಊರಿಗೂ ಒಂದು ವ್ಯತ್ಯಾಸವುಂಟು. ದೂರದೊಡನೆ ಮಾತಾಡುವಾಗ ತಂತಿ ನಡುವೆಯೇ ಕಡಿದುಹೋಗಬಹುದು. ಆಗ ನಮ್ಮ ಅಪ್ಪಣೆ ತಲಪಲೇ ಇಲ್ಲವೋ, ತಲಪಿ ಕೆಲಸವೂ ಮುಗಿದು ಉತ್ತರ ಮಾತ್ರ ದಾರಿ ತಪ್ಪಿತೋ ತಿಳಿಯುವುದಿಲ್ಲ. ಪುಟಗಳ ಎಣಿಕೆ ಕೇಳಿದ್ದರೆ ಚಿಂತೆಯಿಲ್ಲ, ಇನ್ನೊಮ್ಮೆ ಕೇಳಿದರಾಯಿತು. ಆದರೆ ಕೊಟ್ಟ ಅಪ್ಪಣೆ ಹಣ ಕಳಿಸುವುದಾಗಿದ್ದರೆ?

'ಸೆಂಡ್‌ಟುಅಡ್ರೆಸ್' ಎಂಬ ಅಪ್ಪಣೆಗೆ ನೋಡ್ ತಾನೇ ಹೊಸ ವ್ಯವಹಾರವನ್ನು ಸಿದ್ಧಪಡಿಸಿ, ಸಹಿ ಹಾಕಿ ಕಳಿಸುತ್ತದೆ. ಉತ್ತರ ಬರಲಿಲ್ಲವೆಂದು ಆತುರಪಟ್ಟು ಮತ್ತೆ ಹೇಳಿದರೆ ಎರಡನೆಯ ವ್ಯವಹಾರವೊಂದು ಹುಟ್ಟಿ, ಹಣ ಎರಡು ಸಲ ಹೋಗಬಹುದು. ಹೋದ ಹಣವನ್ನು ಹಿಂದಕ್ಕೆ ತರಿಸಲು ಇಲ್ಲಿ ಮ್ಯಾನೇಜರಿಲ್ಲ, ಅರ್ಜಿಯಿಲ್ಲ. ಬಲ್ಲವರು ಇನ್ನೊಂದು ಮಾರ್ಗ ಹಿಡಿಯುತ್ತಾರೆ. ಮೊದಲು ವ್ಯವಹಾರದ ಪತ್ರವನ್ನು ಬರೆದು ಸಹಿ ಮಾಡಿಟ್ಟುಕೊಂಡು, ಆಮೇಲೆ ಆ ಪತ್ರವನ್ನಷ್ಟೇ 'ಸೆಂಡ್‌ರಾಟ್ರಾನ್ಸಾಕ್ಷನ್' ಮೂಲಕ ಕಳಿಸುತ್ತಾರೆ. ಇದು ಸಂಖ್ಯೆ ನಮೂದಾದ ಚೆಕ್ಕಿನಂತೆ. ಅದೇ ಚೆಕ್ಕನ್ನು ಎಷ್ಟು ಸಲ ತೋರಿಸಿದರೂ ಹಣ ಪಾವತಿಯಾಗುವುದು ಒಮ್ಮೆಯೇ.

ತೆರೆದಿಟ್ಟ ಹಿತ್ತಿಲ ಬಾಗಿಲು

ಶಿಲ್ಕು ಕೇಳುವ ಬಾಗಿಲೂ ಹಣ ಕೊಡುವ ಬಾಗಿಲೂ ಒಂದೇ ಎಂಬುದನ್ನು ಓದುಗರು ಈಗಾಗಲೇ ಗಮನಿಸಿರಬಹುದು. ಅಪಾಯವಿರುವುದು ಇಲ್ಲಿಯೇ. ಬಿಟ್‌ಕಾಯಿನ್ನಿನ ಮುಖ್ಯ ತಂತ್ರಾಂಶ ಇದನ್ನರಿತು, ಬೇರೆ ಅಪ್ಪಣೆಯಿಲ್ಲದಿದ್ದರೆ, ಅದೇ ಕಂಪ್ಯೂಟರಿನೊಳಗಿನಿಂದ ಬಂದ ಪ್ರಶ್ನೆಗೆ ಮಾತ್ರ ಕಿವಿಗೊಡುತ್ತದೆ. ಪ್ರತಿ ಬಾರಿ ಚಾಲೂ ಆದಾಗಲೂ ಹೊಸದೊಂದು ಗುಟ್ಟಿನ ಪದವನ್ನು ಒಂದು ಕಡತದಲ್ಲಿ ಬರೆದಿಟ್ಟು, ಅದನ್ನು ಹೇಳಿದವರಿಗಷ್ಟೇ ಉತ್ತರ ಕೊಡುತ್ತದೆ. ಆದರೆ ಈ ಮಾತುಕತೆಗೆ ಗೂಢಲಿಪಿಯ ಮುಸುಕಿಲ್ಲ. ಬಯಲಿನಲ್ಲಿ ಸಾಗಿದರೆ ದಾರಿಯಲ್ಲಿರುವವರು ಗುಟ್ಟಿನ ಪದವನ್ನೂ ಓದಿಯಾರು.

ಎಚ್ಚರ ತಪ್ಪಿದರೆ ಏನಾಗುವುದೆಂಬುದಕ್ಕೆ ಬಿಟ್‌ಕಾಯಿನ್ನಿನ ದಾಯಾದಿಯಾದ ಈಥೀರಿಯಮ್ಮಿನ ಇತಿಹಾಸದಲ್ಲಿ ನಿದರ್ಶನವಿದೆ. ಅದರ ನೋಡ್‌ಗಳ ಆರ್‌ಪಿಸಿ ಬಾಗಿಲು ೮೫೪೫. ದೂರದಿಂದ ಬಳಸಲು ಅನುಕೂಲವಾಗಲೆಂದು ಕೆಲವರು ಅದನ್ನು ಜಗತ್ತಿಗೇ ತೆರೆದಿಟ್ಟಿದ್ದರು. ಕಳ್ಳರು ಇಂಟರ್‌ನೆಟ್ಟಿನ ಓಣಿಓಣಿಗಳಲ್ಲಿ ಆ ಬಾಗಿಲನ್ನು ತಟ್ಟುತ್ತ ಹೋದರು. ತೆರೆದಿದ್ದೆಡೆ ಹೊಂಚುಹಾಕಿ ಕುಳಿತರು. ಯಜಮಾನನು ತನ್ನ ಕೆಲಸಕ್ಕೆಂದು ವ್ಯಾಲೆಟ್ಟಿನ ಬೀಗ ತೆಗೆದ ಕ್ಷಣದಲ್ಲಿಯೇ ಹಣ ಕಳಿಸುವ ಅಪ್ಪಣೆಯನ್ನು ತೂರಿಸಿದರು. ಹೀಗೆ ಕದ್ದ ಹಣ ಎರಡು ಕೋಟಿ ಡಾಲರಿಗೂ ಮಿಕ್ಕಿದೆಯೆಂದು ಚೀನಾದ ಭದ್ರತಾ ಸಂಶೋಧಕರು ೨೦೧೮ರ ಜೂನ್‌ನಲ್ಲಿ ಪ್ರಕಟಿಸಿದರು. ಇಲ್ಲಿ ಯಾರೂ ಬೀಗ ಒಡೆಯಲಿಲ್ಲ. ತೆರೆದ ಬಾಗಿಲಲ್ಲಿ ನಿಂತು ಒಂದು ಮಾತು ಆಡಿದರು, ಅಷ್ಟೆ.

ಕಂಡದ್ದೆಲ್ಲ ಕೈಯಲ್ಲಿಲ್ಲ

ಇದಕ್ಕಿಂತ ಭಿನ್ನವಾದ ಪಾಠವೊಂದು ನಮ್ಮ ರಾಜಧಾನಿಯಲ್ಲಿಯೇ ದೊರೆತಿದೆ. ೨೦೨೦ರ ಕೊನೆಯಲ್ಲಿ ಬಂಧಿಸಿದ ಆರೋಪಿಯೊಬ್ಬನಿಂದ ಸುಮಾರು ೯ ಕೋಟಿ ರೂಪಾಯಿ ಬೆಲೆಯ ೩೧ ಬಿಟ್‌ಕಾಯಿನ್ ವಶಪಡಿಸಿಕೊಂಡಿರುವುದಾಗಿ ಬೆಂಗಳೂರು ಪೊಲೀಸರು ೨೦೨೧ರ ಜನವರಿಯಲ್ಲಿ ಹೇಳಿದರು. ಅದೇ ವರ್ಷ ನವೆಂಬರ್‌ನಲ್ಲಿ ಅವರೇ ಕೊಟ್ಟ ಸ್ಪಷ್ಟನೆ ಹೀಗಿತ್ತು: ಆರೋಪಿ ತನ್ನದೆಂದು ತೋರಿಸಿದ ಖಾತೆ ಒಂದು ವಿನಿಮಯ ಕೇಂದ್ರದ ಚಾಲ್ತಿ ವ್ಯಾಲೆಟ್ಟು, ಅದರ ಖಾಸಗಿ ಕೀಲಿ ಅವನ ಬಳಿ ಇರಲೇ ಇಲ್ಲ.

ಬಿಟ್‌ಕಾಯಿನ್ನಿನ ಪುಸ್ತಕ ಎಲ್ಲರಿಗೂ ತೆರೆದದ್ದು. ಯಾವ ವಿಳಾಸದಲ್ಲಿ ಎಷ್ಟು ಹಣವಿದೆ ಎಂದು ಯಾರು ಬೇಕಾದರೂ ನೋಡ್‌ನಿಂದ ಕೇಳಿ ತಿಳಿಯಬಹುದು. ಅದನ್ನು ಖರ್ಚುಮಾಡಲು ಮಾತ್ರ ಖಾಸಗಿ ಕೀಲಿ ಬೇಕು. ಪರರ ತೋಟದ ಅಡಕೆಯನ್ನು ಬೇಲಿಯಾಚೆ ನಿಂತು ಎಣಿಸಿದ ಮಾತ್ರಕ್ಕೆ ಫಸಲು ನಮ್ಮದಾದೀತೆ? ಹಣ ತನ್ನದೆನ್ನುವವನಿಗೆ ಸುಲಭದ ಪರೀಕ್ಷೆಯೊಂದುಂಟು. ನಾವು ಹೇಳಿದ ವಾಕ್ಯವೊಂದಕ್ಕೆ ಆ ವಿಳಾಸದ ಕೀಲಿಯಿಂದ ಸಹಿ ಮಾಡಿಕೊಡೆಂದು ಕೇಳುವುದು. ಹಳೆಯ ಬಗೆಯ ವಿಳಾಸಗಳಾದರೆ 'ವೆರಿಫೈಮೆಸೇಜ್' ಎಂಬ ಆರ್‌ಪಿಸಿ ಪ್ರಶ್ನೆ ಆ ಸಹಿಯ ನಿಜಸುಳ್ಳನ್ನು ಕ್ಷಣದಲ್ಲಿ ಹೇಳಿಬಿಡುತ್ತದೆ.

ಗೃಹಸ್ಥರ ಗಮನಕ್ಕೆ

ಕಾಯಿದೆಯ ಮಾತು ಎರಡೇ ಎರಡು. ಇಂತಹ ನಾಣ್ಯಗಳ ವ್ಯವಹಾರಕ್ಕೆ ಬ್ಯಾಂಕುಗಳು ನೆರವಾಗಬಾರದೆಂದು ೨೦೧೮ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ್ದ ಸುತ್ತೋಲೆಯನ್ನು ಸುಪ್ರೀಂ ಕೋರ್ಟು ೨೦೨೦ರ ಮಾರ್ಚ್ ೪ರಂದು ರದ್ದುಗೊಳಿಸಿತು. ೨೦೨೨ರ ಏಪ್ರಿಲ್ ೧ರಿಂದ ಇವುಗಳ ಲಾಭದ ಮೇಲೆ ಶೇಕಡ ೩೦ ತೆರಿಗೆ ಬಿದ್ದಿತು. ತೆರಿಗೆ ಇದೆಯೆಂದ ಮಾತ್ರಕ್ಕೆ ಹಣಕ್ಕೆ ಸರಕಾರದ ರಕ್ಷಣೆಯಿದೆಯೆಂದು ಭಾವಿಸುವುದು ತಪ್ಪು.

ಮಗ ನೋಡ್ ನಡೆಸುತ್ತೇನೆಂದರೆ ಬೈಯಬೇಕಾದ ಕಾರಣವಿಲ್ಲ. ಪುಸ್ತಕವನ್ನಿಟ್ಟುಕೊಂಡು ಪ್ರಶ್ನೆ ಕೇಳುತ್ತ ಕಲಿಯಲು ಒಂದು ನಾಣ್ಯವನ್ನೂ ಕೊಳ್ಳಬೇಕಾಗಿಲ್ಲ. ವ್ಯಾಲೆಟ್ಟೇ ಇಲ್ಲದೆಯೂ ನೋಡ್ ನಡೆಯುತ್ತದೆ. ಕೇಳಬೇಕಾದ್ದು ಮೂರು ಮಾತು: ಆರ್‌ಪಿಸಿ ಬಾಗಿಲು ಹೊರಗಿನವರಿಗೆ ತೆರೆದಿದೆಯೆ? ಗುಟ್ಟಿನ ಪದ ಯಾರ ಯಾರ ಬಳಿ ಇದೆ? ಅದೇ ಯಂತ್ರದಲ್ಲಿ ಹಣದ ಕೀಲಿಯನ್ನೂ ಇಟ್ಟಿದ್ದಾನೆಯೆ? ಈ ಮೂರಕ್ಕೆ ಸಮಾಧಾನಕರವಾದ ಉತ್ತರ ದೊರೆತರೆ ಅವನ ಪಾಡಿಗೆ ಅವನನ್ನು ಬಿಡಬಹುದು. ಇನ್ನು ಅಪರಿಚಿತನೊಬ್ಬ ಫೋನಿನ ಪರದೆಯಲ್ಲಿ ದಿನದಿನಕ್ಕೂ ಬೆಳೆಯುವ ಅಂಕಿಯನ್ನು ತೋರಿಸಿ ಮನೆಯ ಉಳಿತಾಯವನ್ನು ಕೇಳಲು ಬಂದರೆ, ಆ ಅಂಕಿಯನ್ನು ಯಾವ ನೋಡ್ ಹೇಳಿತು, ಕೀಲಿ ಯಾರ ಕೈಯಲ್ಲಿದೆ ಎಂದು ವಿಚಾರಿಸಿರಿ. ಉತ್ತರ ತಡವರಿಸಿದರೆ ಹಣದ ಪೆಟ್ಟಿಗೆಗೆ ಕೈ ಹಾಕಬೇಡಿರಿ.