ಹಿಂದಿನ ಸಾಲಿನ ಕೊಂಬು: ಫ್ರಾಂಟ್ಸ್ ಸ್ಟ್ರೌಸನ ವಾದನ ಜೀವನ

ಅಂಬಲಮುಗಳಿನಲ್ಲಿಯೂ ಅದರ ಸುತ್ತುಮುತ್ತಲೂ ನೆಲಸಿರುವ ನಾವು ಕನ್ನಡಿಗರು ವೃಶ್ಚಿಕ ಮಾಸ ಬಂದಿತೆಂದರೆ ತೃಪ್ಪೂಣಿತ್ತುರದ ಪೂರ್ಣತ್ರಯೀಶ ದೇವಾಲಯದ ಉತ್ಸವಕ್ಕೆ ಒಂದು ಸಂಜೆಯಾದರೂ ಹೋಗದೆ ಇರುವುದಿಲ್ಲ. ಪಂಚವಾದ್ಯವನ್ನು ನಿಂತು ಕೇಳಿದವರಿಗೆ ಆ ಮೇಳದ ವಿನ್ಯಾಸವು ಕಣ್ಣಿಗೆ ಕಟ್ಟಿದಂತಿರುತ್ತದೆ. ತಿಮಿಲೆಯವರದೊಂದು ಸಾಲು, ಅವರಿಗೆ ಎದುರಾಗಿ ಮದ್ದಳೆಯವರದೊಂದು ಸಾಲು, ತಿಮಿಲೆಯ ಹಿಂದೆ ತಾಳದವರು, ಮದ್ದಳೆಯ ಹಿಂದೆ ಕೊಂಬಿನವರು, ಎರಡು ಸಾಲುಗಳ ನಡುವಣ ಓಣಿಯ ತುದಿಗಳಲ್ಲಿ ಇಡಕ್ಕದವರು. ಈ ಮೇಳಕ್ಕೆ 1930ರ ದಶಕದಲ್ಲಿ ಇಂದಿನ ರೂಪವನ್ನು ಕೊಟ್ಟವರಲ್ಲಿ ತಿರುವಿಲ್ವಾಮಲದ ವೆಂಕಿಚ್ಚನ್ ಸ್ವಾಮಿಗಳು ಮದ್ದಳೆಯವರು, ಅನ್ನಮನಡದ ಅಚ್ಯುತ ಮಾರಾರರು ತಿಮಿಲೆಯವರು. ಮೊದಲ ಕಾಲದಲ್ಲಿ 896 ಅಕ್ಷರ, ಎರಡನೆಯದರಲ್ಲಿ 448, ಮೂರನೆಯದರಲ್ಲಿ 224 ಎಂದು ಅರ್ಧರ್ಧವಾಗಿ ಇಳಿಯುವ ಆ ವಿಸ್ಮಯಕರವಾದ ಲೆಕ್ಕವು ಚರ್ಮವಾದ್ಯದವರ ಕೈಯಿಂದ ಬಂದುದು. ಕೊಂಬಿನವರು ಹಿಂದಿನ ಸಾಲಿನಲ್ಲಿ ನಿಂತು ಅದಕ್ಕೆ ಬಣ್ಣವನ್ನು ಕೊಡುತ್ತಾರೆ. ಮೇಳ ಮುಗಿದ ಮೇಲೆ ಜನರು ಹೊಗಳುವುದು ತಿಮಿಲೆಯನ್ನು, ಮದ್ದಳೆಯನ್ನು.

ಹೀಗೆ ಹಿಂದಿನ ಸಾಲಿನಲ್ಲಿ ಕುಳಿತು 42 ವರ್ಷ ಕೊಂಬನ್ನೂದಿದ ಒಬ್ಬ ವಾದಕನ ಬಾಳನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅವನು ಜರ್ಮನಿಯವನು. ಆದರೂ ಅವನ ಕಥೆಯ ಕಡೆಯ ಅಧ್ಯಾಯಕ್ಕೆ ಮೈಸೂರಿನ ಹಣ ಸಂದಿದೆ. ಆದಕಾರಣ ಅದು ನಮಗೆ ತೀರ ಹೊರಗಿನದೂ ಅಲ್ಲ.

ಮೊದಲು ವಾದ್ಯದ ವಿಚಾರ. ಕನ್ನಡದಲ್ಲಿ ದನದ ಕೋಡಿಗೂ ಊದುವ ವಾದ್ಯಕ್ಕೂ ಕೊಂಬೆಂಬುದು ಒಂದೇ ಮಾತು. ಇಂಗ್ಲಿಷಿನಲ್ಲಿಯೂ ಜರ್ಮನ್ ಭಾಷೆಯಲ್ಲಿಯೂ ಹಾರ್ನ್ ಎಂಬ ಶಬ್ದದ ಸ್ಥಿತಿ ಇದೇ. ಕೇರಳದ ಕೊಂಬು ಅರ್ಧಚಂದ್ರದಂತೆ ಬಾಗಿದ ಲೋಹದ ಕೊಳವೆ, ಅದಕ್ಕೆ ರಂಧ್ರಗಳಿಲ್ಲ. ಉಸಿರಿನ ಒತ್ತಡದಿಂದಲೂ ತುಟಿಯ ಬಿಗಿಯಿಂದಲೂ ಕೊಳವೆಯ ಸಹಜಸ್ವರಗಳಲ್ಲಿ ಕೆಲವನ್ನು ಮಾತ್ರ ಹೊರಡಿಸಬಹುದು. ಪಾಶ್ಚಾತ್ಯ ವಾದ್ಯವೃಂದದ ಹಾರ್ನ್ ಕೂಡ ಮೂಲತಃ ಇಂತಹುದೇ. ಸುಮಾರು 12 ಅಡಿ ಉದ್ದದ ಕೊಳವೆಯನ್ನು ಸುರುಳಿ ಸುತ್ತಿದ್ದಾರೆ, ಅಷ್ಟೆ. 19ನೆಯ ಶತಮಾನದ ಎರಡನೆಯ ದಶಕದಲ್ಲಿ ಜರ್ಮನ್ ಕುಶಲಿಗಳು ಅದಕ್ಕೆ ಕವಾಟಗಳನ್ನು ಅಳವಡಿಸಿದ ಮೇಲೆ ಎಲ್ಲ ಸ್ವರಗಳೂ ಕೈಗೆಟುಕಿದವು. ಆದರೆ ಅಪಾಯ ತಪ್ಪಲಿಲ್ಲ. ತಾರಸ್ಥಾಯಿಯಲ್ಲಿ ಸಹಜಸ್ವರಗಳು ಒಂದಕ್ಕೊಂದು ತೀರ ಹತ್ತಿರವಾಗಿ ನಿಲ್ಲುತ್ತವೆ. ತುಟಿಯ ಬಿಗಿ ಕೂದಲೆಳೆಯಷ್ಟು ತಪ್ಪಿದರೂ ನೆರೆಯ ಸ್ವರ ಹೊರಟು ಸಭೆಯೆಲ್ಲ ತಿರುಗಿ ನೋಡುತ್ತದೆ. ಪಿಟೀಲಿನವರು ಹತ್ತಾರು ಮಂದಿ ಕೂಡಿ ನುಡಿಸುವಾಗ ಒಬ್ಬನ ತಪ್ಪು ಮುಚ್ಚಿಹೋದೀತು. ಹಾರ್ನಿನವನ ತಪ್ಪಿಗೆ ಮರೆಯಿಲ್ಲ.

ಫ್ರಾಂಟ್ಸ್ ಸ್ಟ್ರೌಸ್ ಹುಟ್ಟಿದುದು 1822ರ ಫೆಬ್ರವರಿ 26ರಂದು, ಬವೇರಿಯದ ಪಾರ್ಕ್‌ಸ್ಟೈನ್ ಎಂಬ ಸಣ್ಣ ಊರಿನಲ್ಲಿ. (ವಿಯೆನ್ನದ ವಾಲ್ಟ್ಸ್ ನೃತ್ಯಗಳ ಸ್ಟ್ರೌಸರಿಗೂ ಇವನಿಗೂ ನಂಟಿಲ್ಲ; ಈ ಗೊಂದಲ ನಮ್ಮವರಲ್ಲಿ ಬಹಳ.) ತಂದೆತಾಯಿಗಳಿಗೆ ವಿವಾಹವಾಗಿರಲಿಲ್ಲ, ತಂದೆ ಮಗುವನ್ನು ಕೈಬಿಟ್ಟ. ಸಂಗೀತವೇ ವೃತ್ತಿಯಾಗಿದ್ದ ಸೋದರಮಾವಂದಿರು ಹುಡುಗನನ್ನು ಸಾಕಿ, ಕ್ಲಾರಿನೆಟ್, ಗಿಟಾರ್, ಹಿತ್ತಾಳೆಯ ವಾದ್ಯಗಳು ಎಲ್ಲವನ್ನೂ ಕಲಿಸಿದರು. 15ನೆಯ ವಯಸ್ಸಿನಲ್ಲಿ ಡ್ಯೂಕ್ ಮ್ಯಾಕ್ಸನ ಖಾಸಗಿ ಮೇಳವನ್ನು ಸೇರಿದಾಗ ಅವನು ಗಿಟಾರ್ ವಾದಕ. 1847ರಲ್ಲಿ ಮ್ಯೂನಿಕ್ಕಿನ ರಾಜಾಸ್ಥಾನದ ಗೀತನಾಟಕ ಮೇಳದಲ್ಲಿ ಹಾರ್ನ್ ವಾದಕನ ಸ್ಥಾನ ದೊರೆಯಿತು. ಅಲ್ಲಿಂದ 1889ರವರೆಗೆ ಕದಲಲಿಲ್ಲ.

ಮನೆಯಲ್ಲಿ ಸುಖವಿರಲಿಲ್ಲ. ಗಂಡುಮಗು ಶೈಶವದಲ್ಲಿಯೇ ತೀರಿಕೊಂಡಿತು. 1854ರಲ್ಲಿ ಕಾಲರಾ ಮ್ಯೂನಿಕ್ ನಗರವನ್ನು ಹೊಕ್ಕಾಗ ಹೆಂಡತಿಯೂ ಮಗಳೂ ಹೋದರು. ಒಂಬತ್ತು ವರ್ಷ ಒಂಟಿಯಾಗಿದ್ದು, 1863ರಲ್ಲಿ ಮದ್ಯ ತಯಾರಿಕೆಯಲ್ಲಿ ಹೆಸರಾದ ಪ್ಷೋರ್ ಮನೆತನದ ಜೋಸೆಫೀನಳನ್ನು ಮದುವೆಯಾದ. 1864ರ ಜೂನ್ 11ರಂದು ರಿಚರ್ಡ್ ಹುಟ್ಟಿದ.

ಫ್ರಾಂಟ್ಸನ ದೇವರುಗಳು ಮೂವರು: ಹೈಡನ್, ಮೋಟ್ಸಾರ್ಟ್, ಬೀಥೋವನ್. ಆದರೆ ವಿಧಿ ಅವನ ಆಸ್ಥಾನಕ್ಕೆ ವಾಗ್ನರನನ್ನು ತಂದಿತು. ಎರಡನೆಯ ಲುಡ್ವಿಗ್ ದೊರೆಯ ಒಲವಿನಿಂದ ವಾಗ್ನರನ ಮಹಾಕೃತಿಗಳು ಒಂದರ ಮೇಲೊಂದರಂತೆ ಮ್ಯೂನಿಕ್ಕಿನಲ್ಲಿಯೇ ಮೊದಲು ರಂಗವನ್ನೇರಿದವು: 1865ರಲ್ಲಿ ‘ಟ್ರಿಸ್ಟನ್’, 1868ರಲ್ಲಿ ‘ಮೈಸ್ಟರ್‌ಸಿಂಗರ್’, 1869ರಲ್ಲಿ ‘ರೈನ್‌ಗೋಲ್ಡ್’, 1870ರಲ್ಲಿ ‘ವಾಲ್ಕ್ಯೂರೆ’. ಆ ಸಂಗೀತವನ್ನು ಕಂಡರೆ ಅವನಿಗೆ ಮೈಯುರಿ. ಆದರೆ ಅದನ್ನು ಅವನಷ್ಟು ಚೆನ್ನಾಗಿ ಊದುವವರು ಇನ್ನೊಬ್ಬರಿರಲಿಲ್ಲ. ‘ಮೈಸ್ಟರ್‌ಸಿಂಗರ್’ ಅಭ್ಯಾಸದಲ್ಲಿ ತನ್ನಿಂದ ಇನ್ನಾಗದೆಂದು ಅವನು ಹೇಳಿದಾಗ, ಮೇಳವನ್ನು ನಡೆಸುತ್ತಿದ್ದ ಬ್ಯೂಲೋ ಹಾಗಾದರೆ ವಿಶ್ರಾಂತಿವೇತನ ಪಡೆದುಕೊಳ್ಳಿರೆಂದು ಸಿಡುಕಿದನಂತೆ; ಫ್ರಾಂಟ್ಸ್ ಹಾರ್ನನ್ನು ಎತ್ತಿಕೊಂಡು ನೇರವಾಗಿ ಅಧಿಕಾರಿಯ ಬಳಿಗೆ ಹೋಗಿ ವಿಶ್ರಾಂತಿವೇತನವನ್ನೇ ಕೇಳಿದನಂತೆ. ಅದೇ ಬ್ಯೂಲೋ ಇವನನ್ನು ಹಾರ್ನಿನ ಯೋಆಖಿಮ್ ಎಂದು ಕರೆದ; ಯೋಆಖಿಮನು ಆ ಕಾಲದ ಪಿಟೀಲಿನ ಸಾರ್ವಭೌಮ. ಸ್ಟ್ರೌಸ್ ಅಸಹ್ಯದ ಮನುಷ್ಯ, ಆದರೆ ಅವನು ಊದತೊಡಗಿದರೆ ಕೋಪ ನಿಲ್ಲದು ಎಂಬರ್ಥದ ಮಾತನ್ನು ವಾಗ್ನರನು ಆಡಿದುದುಂಟು. 1882ರಲ್ಲಿ ಬೈರಾಯ್ಟಿನಲ್ಲಿ ‘ಪಾರ್ಸಿಫಾಲ್’ ಮೊದಲು ನಡೆದಾಗಲೂ ಫ್ರಾಂಟ್ಸ್ ಮೇಳದಲ್ಲಿದ್ದ. ಮರುವರ್ಷ ವಾಗ್ನರನ ಮರಣವಾರ್ತೆ ಬಂದಾಗ ಮೇಳದವರೆಲ್ಲ ಗೌರವಾರ್ಥವಾಗಿ ಎದ್ದು ನಿಂತರು, ಫ್ರಾಂಟ್ಸ್ ಒಬ್ಬನೇ ಕುಳಿತಿದ್ದನೆಂದು ಹೇಳುತ್ತಾರೆ.

ಇದನ್ನು ಹಟಮಾರಿತನವೆಂದು ತಳ್ಳಿಬಿಡುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ತನಗೆ ಸಲ್ಲದ ಸಂಗೀತವನ್ನು ಒಂದು ಸ್ವರವನ್ನೂ ಕೆಡಿಸದೆ ನುಡಿಸಿ, ಆ ಮೇಲೆ ತನ್ನ ಅಭಿಪ್ರಾಯವನ್ನು ತಾನು ಇಟ್ಟುಕೊಳ್ಳುವುದು ವೃತ್ತಿಧರ್ಮದ ಕಠಿಣವಾದ ಒಂದು ರೂಪ. ಪರಸ್ಥಳದಲ್ಲಿ ಅನ್ಯರ ಕೆಲಸವನ್ನು ಮಾಡಿ ಬದುಕುವ ನಮ್ಮಂತಹವರಿಗೆ ಅದು ಅರ್ಥವಾಗದ ವಿಷಯವಲ್ಲ.

ಅವನ ಸ್ವಂತ ರಚನೆಗಳ ಮಾತು. ಹಾರ್ನ್ ಮತ್ತು ಪಿಯಾನೋಗಳಿಗಾಗಿ ಬರೆದ ‘ನೊಕ್ಟುರ್ನೋ’, ಕೃತಿಸಂಖ್ಯೆ 7, ಸಿ ಮೈನರ್ ಶ್ರುತಿಯ ಹಾರ್ನ್ ಕನ್ಸರ್ಟೋ, ಕೃತಿಸಂಖ್ಯೆ 8, ಶುಬರ್ಟನ ವಾಲ್ಟ್ಸ್ ಒಂದನ್ನು ಆಧರಿಸಿದ ಫ್ಯಾಂಟಸಿ, ವಿದ್ಯಾರ್ಥಿಗಳಿಗಾಗಿ ಅಭ್ಯಾಸಪಾಠಗಳು. 1871ರಿಂದ ಮ್ಯೂನಿಕ್ಕಿನ ಸಂಗೀತಶಾಲೆಯಲ್ಲಿ ಅಧ್ಯಾಪಕನೂ ಆಗಿದ್ದ ಅವನಿಗೆ ಬೋಧನೆಯೂ ರಚನೆಯೂ ಒಂದರ ಎರಡು ಮುಖಗಳು. ಈ ಕೃತಿಗಳಲ್ಲಿ ಹೊಸ ಲೋಕವೇನೂ ಕಾಣದು. ಕಾಣುವುದು ಮನುಷ್ಯಕಂಠದಂತೆ ಹಾರ್ನನ್ನು ಹಾಡಿಸುವ ವಿದ್ಯೆ. ಹಾರ್ನ್ ಕಲಿಯುವವರು ಇಂದಿಗೂ ಇವನ್ನು ನುಡಿಸುತ್ತಾರೆ. ಇತರರಿಗೆ ಇವುಗಳ ಪರಿಚಯ ಕಡಮೆ.

ಆದರೆ ಅವನ ನಿಜವಾದ ಶಿಷ್ಯ ಮನೆಯಲ್ಲಿಯೇ ಇದ್ದ. ರಿಚರ್ಡ್ ಸ್ಟ್ರೌಸ್ ತೊಟ್ಟಿಲಿನಿಂದ ಕೇಳಿ ಬೆಳೆದುದು ತಂದೆಯ ಹಾರ್ನಿನ ಅಭ್ಯಾಸವನ್ನು. ತಂದೆ 1875ರಿಂದ 1896ರವರೆಗೆ ನಡೆಸಿದ ಹವ್ಯಾಸಿಗಳ ಮೇಳದಲ್ಲಿ ಹುಡುಗ ಪಿಟೀಲು ನುಡಿಸಿ ವಾದ್ಯವೃಂದದ ಒಳಮರ್ಮವನ್ನು ಕಲಿತ. ಹದಿನೆಂಟು ಹತ್ತೊಂಬತ್ತರ ಪ್ರಾಯದಲ್ಲಿ ಮೊದಲ ಹಾರ್ನ್ ಕನ್ಸರ್ಟೋವನ್ನು ಬರೆದ. ತಂದೆ ಅದನ್ನು ಮನೆಯಲ್ಲಿ ಊದಿ ನೋಡಿ, ತಾರಸ್ಥಾಯಿಯ ಸ್ವರಗಳು ಸಭೆಗೆ ತೀರ ಅಪಾಯಕರವೆಂದು ಹಿಂದೆಗೆದ. 1885ರಲ್ಲಿ ಮೈನಿಂಗನ್ನಿನಲ್ಲಿ ಬ್ಯೂಲೋನ ಮೇಳದೊಡನೆ ಮೊದಲು ನುಡಿಸಿದವನು ಲೈನ್‌ಹೋಸ್ ಎಂಬ ಮತ್ತೊಬ್ಬ ವಾದಕ. ಹಿತ್ತಾಳೆಯ ವಾದ್ಯಗಳನ್ನು ಮಿತವಾಗಿ ಬಳಸೆಂದು ಮಗನಿಗೆ ಪತ್ರಗಳಲ್ಲಿ ಬುದ್ಧಿ ಹೇಳಿದವನೂ ಈ ಹಿತ್ತಾಳೆಯ ವಾದಕನೇ! ಮಗ ಕೇಳಲಿಲ್ಲ. ‘ವೀರನ ಬಾಳು’ ಎಂಬ 1898ರ ಕೃತಿಯಲ್ಲಿ ಎಂಟು ಹಾರ್ನುಗಳನ್ನಿಟ್ಟ. ‘ಸಾಲೊಮೆ’ಯ ಭಾಗಗಳನ್ನು ಪಿಯಾನೋದಲ್ಲಿ ಕೇಳಿದ ಮುದುಕ, ಷರಾಯಿಯೊಳಗೆ ಹುಳುಗಳು ಹರಿದಾಡಿದಂತಿದೆಯೆಂದನಂತೆ. 1905ರ ಮೇ 31ರಂದು ಅವನು ತೀರಿಕೊಂಡ.

ಇನ್ನು ಮೈಸೂರಿನ ವಿಷಯ. 1948ರಲ್ಲಿ, 84ರ ಇಳಿವಯಸ್ಸಿನಲ್ಲಿ, ರಿಚರ್ಡ್ ಸ್ಟ್ರೌಸ್ ನಾಲ್ಕು ಹಾಡುಗಳನ್ನು ರಚಿಸಿದ. ಮೂರು ಹೆರ್ಮನ್ ಹೆಸ್ಸೆಯ ಕವಿತೆಗಳು, ಒಂದು ಐಖೆನ್‌ಡಾರ್ಫನದು. ಫ್ಲಾಗ್‌ಸ್ಟಾಡ್ ಎಂಬ ಗಾಯಕಿ ಉತ್ತಮವಾದ ಮೇಳದೊಡನೆ ಅವನ್ನು ಮೊದಲು ಹಾಡಬೇಕೆಂಬುದು ಅವನ ಆಸೆ. ಅದು ನೆರವೇರುವ ಮೊದಲೇ, 1949ರ ಸೆಪ್ಟೆಂಬರ್ 8ರಂದು, ಅವನು ಮೃತನಾದ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಫ್ಲಾಗ್‌ಸ್ಟಾಡ್ ಅವನ್ನು ಹಾಡಿದಳು. ಮೇಳ ಫಿಲ್‌ಹಾರ್ಮೋನಿಯಾ, ನಡೆಸಿದವನು ಫುರ್ಟ್‌ವೆಂಗ್ಲರ್. ಆ ಕಛೇರಿಗೆ 4,800 ಡಾಲರುಗಳ ಭರವಸೆಯನ್ನು ಕೊಟ್ಟವರು ಶ್ರೀ ಜಯಚಾಮರಾಜ ಒಡೆಯರವರು.

ಒಡೆಯರವರು ಆಗ ರಾಜ್ಯವನ್ನು ಬಿಟ್ಟುಕೊಟ್ಟು ಮೈಸೂರಿನ ರಾಜಪ್ರಮುಖರಾಗಿ ನಾಲ್ಕು ತಿಂಗಳು ಸಹ ಆಗಿರಲಿಲ್ಲ. ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ಅವರು. ರಷ್ಯದ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ಹಣವಿತ್ತವರೂ ಅವರೇ. ‘ಶ್ರೀವಿದ್ಯಾ’ ಅಂಕಿತದ 94 ಕೀರ್ತನೆಗಳ ವಾಗ್ಗೇಯಕಾರರು. ಈ ಕಛೇರಿಗೆ ಅವರು ಹೋಗಲಾಗಲಿಲ್ಲ. ಸುಮಾರು 20,000 ತಟ್ಟೆಗಳಿದ್ದುವೆಂದು ಅಂದು ಎಣಿಸಿದ್ದ ಅವರ ಸಂಗ್ರಹಕ್ಕಾಗಿ ಹಾಡುಗಳನ್ನು ಮುದ್ರಿಸಿಕೊಂಡು ಮೈಸೂರಿಗೆ ಹಡಗಿನಲ್ಲಿ ಕಳುಹಿಸಿದರು. ನಮ್ಮವರು ಈ ಪ್ರಸಂಗವನ್ನು ದಾನದ ಕಥೆಯಾಗಿ ಹೇಳಿ ಮುಗಿಸುತ್ತಾರೆ. ಆ ತಟ್ಟೆಯಲ್ಲಿ ಏನಿತ್ತೆಂದು ಕೇಳುವವರು ವಿರಳ.

‘ಸೆಪ್ಟೆಂಬರ್’ ಎಂಬ ಹಾಡನ್ನು ಕೇಳಿದರೆ ತಿಳಿದೀತು. ಬೇಸಗೆ ಮುಗಿಯುತ್ತಿರುವ ತೋಟದ ಹಾಡು ಅದು. ಗಾಯಕಿ ತನ್ನ ಮಾತನ್ನು ಮುಗಿಸಿ ಸುಮ್ಮನಾಗುತ್ತಾಳೆ. ಆಗ ಹಿಂದಿನ ಸಾಲಿನಿಂದ ಒಂದು ಹಾರ್ನ್ ಮೆಲ್ಲನೆ ಎದ್ದು ಹಾಡನ್ನು ತಾನು ಮುಂದುವರಿಸಿ ಮುಗಿಸುತ್ತದೆ. ರಿಚರ್ಡನ ಹೆಂಡತಿ ಪೌಲೀನ ಗಾಯಕಿ. ತಂದೆ ಹಾರ್ನ್ ವಾದಕ. ಮಗನಿಗೆ ಆಗ ತಂದೆ ಸತ್ತು 43 ವರ್ಷ. ಫಿಲ್‌ಹಾರ್ಮೋನಿಯಾದ ಆ ಕಾಲದ ಪ್ರಧಾನ ಹಾರ್ನ್ ವಾದಕ ಡೆನಿಸ್ ಬ್ರೇನ್, ಅವನೂ ಹಾರ್ನ್ ವಾದಕನ ಮಗನೇ. 1957ರಲ್ಲಿ 36ನೆಯ ವಯಸ್ಸಿನಲ್ಲಿ ಮೋಟಾರು ಅಪಘಾತದಿಂದ ಮಡಿದ.

ಆಸಕ್ತರು ಮೊದಲು ಫ್ರಾಂಟ್ಸನ ‘ನೊಕ್ಟುರ್ನೋ’ವನ್ನು ಕೇಳಿ, ಅದರ ಬೆನ್ನಿಗೇ ‘ಸೆಪ್ಟೆಂಬರ್’ ಹಾಡಿನ ಕೊನೆಯನ್ನು ಕೇಳಬಹುದು. 1950ರ ಮುದ್ರಣವೂ ಉಳಿದಿದೆ. ಗರಗರ ಸದ್ದು ಹೆಚ್ಚು, ತಾಳ್ಮೆ ಬೇಕು.